ಇಂಗಿನ ಡಬ್ಬಿಯ ಕ್ಯಾಮೆರಾ

ಕಳೆದ ಭಾನುವಾರ ಬಿಳೇಕಹಳ್ಳಿಯ ತನ್ನ ಮನೆಯಲ್ಲಿ ಅಕ್ಕ ಒಗ್ಗರಣೆಗೆಂದು ಒಂದು ಡಬ್ಬಿ ತೆರೆದಳು. ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿ, ನೀಲಿ ಮುಚ್ಚಳ, ಮುಚ್ಚಳದ ಒಳಗೆ ಸುತ್ತಲೂ ರಬ್ಬರಿನ ಅಂಚು. ತೆರೆದ ಕೂಡಲೇ ಇಂಗಿನ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಇಂಗಿನ ವಾಸನೆಗೆ ಬೇರೆಯವರಿಗೆ ಸಾರು ನೆನಪಾಗುತ್ತದೋ ಏನೋ, ನನಗೆ ನೆನಪಾಗುವುದು ಒಂದು ಕ್ಯಾಮೆರಾ. ಕ್ಯಾಮೆರಾ, ಮತ್ತು ಅದರ ಹಿಂದೆ ಒಂದು ಕಣ್ಣು ಮುಚ್ಚಿ, ಬಾಯಿ ಓರೆ ಮಾಡಿಕೊಂಡು ನಿಂತ ನಮ್ಮ ಮೇಲ್ಮನೆ ಆಂಟಿ...

ಹಾಲಿನಲ್ಲಿ ಅಮ್ಮ ಆಗಲೇ ಕತೆ ಶುರುಮಾಡಿದ್ದಳು. ಭಾವನ ದೊಡ್ಡಮ್ಮ ಬಂದಿದ್ದರು, ಸಂಬಂಧ ಹೇಗೆ ಕೂಡಿಬಂತು ಎಂದು ಕೇಳಿದ್ದರು.

"ನಮ್ಮ ಮೇಲ್ಮನೇಲಿ ಒಬ್ರು ಇದ್ರು. ಅವರ ಹತ್ರ ಅದೇನೋ ಫಾರಿನ್ ಕ್ಯಾಮೆರಾ. ಅದ್ರಲ್ಲಿ ಇದ್ದಿದ್ದು ಇದ್ದ ಹಾಗೇ ಬರತ್ತೆ. ಅವರೇ ತೆಗೆದು, ಇದನ್ನೇ ಕಳಿಸಿ ಅಂತ ಕೊಟ್ರು. ಕಳಿಸಿದ್ವಿ. ಮದುವೆ ಆಗೋಯ್ತು ನೋಡಿ."

ಮನೆಯಲ್ಲಿ ಈ ಕತೆ ಹೇಳುವ ರೀತಿ ಇದೊಂದೇ. ಅಪ್ಪ ಹೇಳಿದರೆ ಕ್ಯಾಮೆರಾದ ಬೆಲೆ ಸ್ವಲ್ಪ ಏರುತ್ತದೆ, ಅಮ್ಮ ಹೇಳಿದರೆ ಆಂಟಿಯ ಒಳ್ಳೆಯತನ ಏರುತ್ತದೆ, ಅಷ್ಟೇ ವ್ಯತ್ಯಾಸ. ನಾನು ಇದನ್ನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೂ ಮಾತಾಡಿ ವಿರೋಧವೂ ಮಾತಾಡಿ ಅಭ್ಯಾಸವಾದವಳಿಗೆ ಅಮ್ಮನ ಕತೆಯಲ್ಲಿ ತೂತುಗಳೇ ಕಾಣುತ್ತವೆ. ಇದ್ದದ್ದು ಇದ್ದ ಹಾಗೆ ತೋರಿಸುವ ಕ್ಯಾಮೆರಾ ಎಲ್ಲಿಯೂ ಇಲ್ಲ. ಹಾಗೆಂದು ನನಗೆ ಕಲಿಸಿದವರೇ ಆಂಟಿ. "ಇದನ್ನೇ ಕಳಿಸಿ" ಎಂದು ಅವರು ಹೇಳಿದರು ಎನ್ನುವುದಂತೂ ಶುದ್ಧ ಸುಳ್ಳು, ಅದಕ್ಕೆ ಸಾಕ್ಷಿ ನಾನೇ. ಫೋಟೋದಿಂದ ಮದುವೆಯಾಯಿತೇ ಎನ್ನುವ ಪ್ರಶ್ನೆಗೆ ಮಾತ್ರ ಭಾವನನ್ನೇ ಕಟಕಟೆಗೆ ಕರೆಸಬೇಕಾಗುತ್ತದೆ. ಕರೆಸುತ್ತೇನೆ.

ನಾವಿದ್ದದ್ದು, ಈಗಲೂ ಇರುವುದು, ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ. ಕೆಳಗೆ ನಾವು, ಮೇಲೆ ಬಾಡಿಗೆಗೆ ಆಂಟಿ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಅಧಿಕಾರಿಯಾಗಿದ್ದವರು. ಒಬ್ಬರೇ ಇರುತ್ತಿದ್ದರು. ಯಾಕೆ ಒಬ್ಬರೇ ಎಂದು ಮೊದಲು ಬಂದಾಗ ಅಮ್ಮ ಒಮ್ಮೆ ಕೇಳಿದ್ದಳಂತೆ. "ಗೊರಕೆ ಹೊಡೀತೀನಿ, ಅದಕ್ಕೆ" ಎಂದರಂತೆ. ಆಮೇಲೆ ಯಾರೂ ಕೇಳಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಅವರು ಬೆಳಿಗ್ಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಸ್ಕೂಟರ್ ಒದೆಯುತ್ತಿದ್ದ ಶಬ್ದವೇ ನಮಗೆ ಗಡಿಯಾರ. ನಿವೃತ್ತಿಯಾದ ವರ್ಷ ಸ್ಕೂಟರ್ ಮಾರಿ ಕ್ಯಾಮೆರಾ ತಂದರು.

ಮೊದಲು ತೋರಿಸಿದ್ದು ನಮ್ಮ ಹಾಲಿನಲ್ಲೇ. ಕಪ್ಪಗೆ, ದಪ್ಪ ಸೋಪಿನಷ್ಟಿತ್ತು, ಮುಂದೆ ಗಿಡ್ಡ ಲೆನ್ಸು. ಅಪ್ಪ ಅತ್ತಿತ್ತ ತಿರುಗಿಸಿ ನೋಡಿದರು.

"ಜೂಮ್ ಎಲ್ಲಿ ಮೇಡಂ?"

"ಇಲ್ಲ."

"ಇಲ್ಲ ಅಂದ್ರೆ? ಬೇರೆ ಲೆನ್ಸ್ ಹಾಕ್ಕೋಬೇಕಾ?"

"ಬೇರೆ ಹಾಕೋಕಾಗಲ್ಲ. ಇದೊಂದೇ. ಅಂಟಿಸಿಬಿಟ್ಟಿದಾರೆ."

ಅಪ್ಪ ಬೆಲೆ ಕೇಳಿದರು, ಆಂಟಿ ಹೇಳಿದರು, ಅಪ್ಪ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಮೆಲ್ಲಗೆ ಟೀಪಾಯಿಯ ಮೇಲಿಟ್ಟರು. ಸಂಜೆಯೊಳಗೆ ರಸ್ತೆಗೆಲ್ಲ ಸುದ್ದಿ. ಪಾಪ, ಒಂಟಿ ಹೆಂಗಸು, ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದ್ದಾನೆ, ಅಷ್ಟು ದುಡ್ಡಿಗೆ ಜೂಮೂ ಇಲ್ಲ, ಫ್ಲಾಶೂ ಇಲ್ಲ, ಫೋನಿನಲ್ಲಿ ಮೂರು ಲೆನ್ಸ್ ಬರುವ ಕಾಲದಲ್ಲಿ ಒಂದೇ ಲೆನ್ಸು.

ನಾನು ಆಗ ಲಾ ಕಾಲೇಜಿಗೆ ಸೇರಿದ್ದೆ. ರಸ್ತೆಯವರ ವಾದ ನನಗೂ ಸರಿಯೆನಿಸಿತ್ತು, ಅದನ್ನು ಅವರಿಗಿಂತ ಚೆನ್ನಾಗಿ ಮಂಡಿಸಬಲ್ಲೆ ಎಂದೂ ಅನಿಸಿತ್ತು. ಮೇಲೆ ಹೋದೆ. ಆಂಟಿ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಟ್ಟೆಯನ್ನು ಮುಂದಿಟ್ಟು, "ಆಯ್ತಾ ಲಾಯರಮ್ಮ? ಈಗ ತಿನ್ನು. ತಿನ್ನೋವಾಗ ನಾನು ಮಾತಾಡ್ತೀನಿ, ನೀನು ಅಡ್ಡ ಬಾಯಿ ಹಾಕೋಕಾಗಲ್ಲ" ಎಂದರು.

ಅವರು ಹೇಳಿದ್ದು ಹೀಗೆ. ಕ್ಯಾಮೆರಾದ ಒಳಗೆ ಬೆಳಕು ಹೋಗಿ ಬೀಳುವ ಒಂದು ಬಿಲ್ಲೆ ಇರುತ್ತದೆ. ಇದರಲ್ಲಿ ಆ ಬಿಲ್ಲೆ ಹಳೆಯ ಕಾಲದ ಫಿಲ್ಮ್ ರೋಲಿನ ಒಂದು ಚೌಕದಷ್ಟು ದೊಡ್ಡದು. ಫೋನಿನದು ಕಿರುಬೆರಳ ಉಗುರಿನಷ್ಟು. "ಮಳೆ ನೀರು ಹಿಡಿಯೋಕೆ ಲೋಟ ಇಡ್ತೀಯೋ, ಹರಿವಾಣ ಇಡ್ತೀಯೋ?"

ನಾನು ಅವಲಕ್ಕಿ ನುಂಗಿ ಹೇಳಿದೆ: "ಲೋಟಾನೇ ಇಡ್ತೀನಿ ಆಂಟಿ, ಹತ್ತು ಸಲ ಇಟ್ಟು ಎಲ್ಲಾ ಒಟ್ಟಿಗೆ ಸುರ್ಕೋತೀನಿ. ಫೋನ್ ಮಾಡೋದು ಅದೇ. ಒಂದೇ ಸಲಕ್ಕೆ ಹತ್ತು ಫೋಟೋ ತೆಗೆದು ಸೇರಿಸತ್ತೆ."

ಆಂಟಿ ಸೌಟನ್ನು ಬಾಣಲೆಗೆ ಒರಗಿಸಿದರು. "ಆ ಪಾಯಿಂಟ್ ಒಪ್ಕೊಂಡೆ. ಆದ್ರೆ ಆ ಹತ್ತರ ಮಧ್ಯೆ ಮಗು ತಲೆ ಅಲ್ಲಾಡಿಸಿದ್ರೆ?"

ಹೀಗೆ ಶುರುವಾಯಿತು ನಮ್ಮ ಪಂದ್ಯ. ಈ ಕ್ಯಾಮೆರಾ ದಂಡ ಎನ್ನುವುದು ವಿಷಯ. ಕೆಲವು ವಾರ ನಾನು ಪರ, ಅವರು ವಿರೋಧ, ಬೇಜಾರಾದಾಗ ಅದಲುಬದಲು. ಯಾವ ಕಡೆ ಮಾತಾಡಿದರೂ ಅವರು ತಮ್ಮ ಬ್ಯಾಂಕಿನ ಪ್ರಶ್ನೆಯನ್ನು ಬಿಡುತ್ತಿರಲಿಲ್ಲ. "ಒಳ್ಳೇದಾ ಕೆಟ್ಟದ್ದಾ ಅಂತ ಕೇಳಬೇಡ ಕಣೇ. ಯಾರಿಗೆ, ಯಾತಕ್ಕೆ ಅಂತ ಕೇಳು. ಟ್ರ್ಯಾಕ್ಟರ್ ಒಳ್ಳೇದೇ. ಮೂರನೇ ಮಹಡಿಲಿ ಇರೋನಿಗೆ ಟ್ರ್ಯಾಕ್ಟರ್ ಸಾಲ ಕೊಡೋಕಾಗತ್ತಾ?"

ಸೋಲುಗಳನ್ನು ಅವರು ಮುಚ್ಚಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಗೆ ಹೋದೆವು. ಅಲ್ಲಿ ಹಕ್ಕಿ ಫೋಟೋದವರು ಫಿರಂಗಿಯಂಥ ಲೆನ್ಸುಗಳನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡು ಸಾಲಾಗಿ ನಿಂತಿದ್ದರು. ಆಂಟಿಯ ಕೈಯಲ್ಲಿ ಸೋಪಿನ ಡಬ್ಬಿ.

"ಮೇಡಂ, ಲೆನ್ಸ್ ಮನೇಲೇ ಮರೆತು ಬಂದ್ರಾ?" ಎಂದ ಒಬ್ಬ.

"ಇಲ್ಲಪ್ಪಾ, ಕಾಲು ತಂದಿದೀನಿ. ಹತ್ರ ಹೋಗ್ತೀನಿ" ಎಂದರು ಆಂಟಿ.

ಎಷ್ಟು ಹತ್ತಿರ ಹೋದರೂ ಮುಂದೆ ನೀರಿದೆಯಲ್ಲ! ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಅಷ್ಟು ದೊಡ್ಡ ಹೆಜ್ಜಾರ್ಲೆ ಹಕ್ಕಿ ಮಲ್ಲಿಗೆ ಮೊಗ್ಗಿನಷ್ಟಿತ್ತು. ಆಂಟಿ ಅದರ ಸುತ್ತಲಿನದನ್ನೆಲ್ಲ ಕತ್ತರಿಸಿ ಹಿಗ್ಗಿಸಿದರು, ಇನ್ನೂ ಹಿಗ್ಗಿಸಿದರು. ದೊಡ್ಡ ಬಿಲ್ಲೆಯಾದ್ದರಿಂದ ಬಹಳ ದೂರದವರೆಗೆ ಚಿತ್ರ ಒಡೆಯಲಿಲ್ಲ, ಅದು ನಿಜ. ಕೊನೆಗೂ ಅದು ಹೆಜ್ಜಾರ್ಲೆಯೋ ತೇಲುವ ಪ್ಲಾಸ್ಟಿಕ್ ಕವರೋ ಎಂದು ನಾವಿಬ್ಬರೂ ಜಗಳವಾಡಿದೆವು. "ಹಕ್ಕಿಗೆ ಆಗಲ್ಲ ಇದು. ಸೋತೆ" ಎಂದರು. ಬ್ಯಾಟರಿಯಂತೂ ಕೆರೆ ಒಂದು ಸುತ್ತು ಬರುವಷ್ಟರಲ್ಲಿ ಕೆಂಪು ತೋರಿಸುತ್ತಿತ್ತು. ಅದರಲ್ಲೂ ಸೋತರು.

ಗೆದ್ದದ್ದೆಲ್ಲ ಬೆಳಕು ಕಡಿಮೆಯಿದ್ದಲ್ಲಿ. ಕರೆಂಟು ಹೋದ ಒಂದು ಸಂಜೆ ಅಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ನಾನು ಫೋನಿನಲ್ಲಿ ತೆಗೆದೆ, ಆಂಟಿ ಕ್ಯಾಮೆರಾದಲ್ಲಿ ತೆಗೆದರು. ನನ್ನ ಫೋಟೋದಲ್ಲಿ ಗೂಡೆಲ್ಲ ಹಗಲಿನ ಹಾಗೆ ಬೆಳ್ಳಗಿತ್ತು, ಅಮ್ಮನ ಕೆನ್ನೆಗೆ ಯಾರೋ ಮೇಣ ಬಳಿದ ಹಾಗಿತ್ತು. ಅವರದರಲ್ಲಿ ಕತ್ತಲೆ ಕತ್ತಲೆಯಾಗಿಯೇ ಇತ್ತು; ದೀಪದ ಬೆಳಕು ಬಿದ್ದ ಅರ್ಧ ಮುಖದಲ್ಲಿ, ಮೂಗುಬೊಟ್ಟಿನ ಪಕ್ಕ, ಸಣ್ಣದೊಂದು ಬೆವರಿನ ಹನಿಯೂ ಕಾಣುತ್ತಿತ್ತು. ಕ್ಲಿಕ್ ಎನ್ನುವ ಶಬ್ದವೂ ಕೇಳದ್ದರಿಂದ ಅಮ್ಮನಿಗೆ ಫೋಟೋ ತೆಗೆದದ್ದೇ ತಿಳಿದಿರಲಿಲ್ಲ. ಆ ಸುತ್ತನ್ನು ಅವರಿಗೇ ಬಿಟ್ಟುಕೊಟ್ಟೆ...

ಇಂಗಿನ ವಿಷಯ ಹೇಳಲಿಲ್ಲ ಅಲ್ಲವೇ? ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ ಎಂದು ಯಾರೋ ಹೆದರಿಸಿದ್ದರು. ಅದಕ್ಕೆಂದೇ ತೇವ ತಡೆಯುವ ಪೆಟ್ಟಿಗೆಗಳು ಸಿಗುತ್ತವಂತೆ. ಆಂಟಿ ತಮ್ಮ ಅಡುಗೆಮನೆಯಲ್ಲೇ ಗಾಳಿಯಾಡದ ಡಬ್ಬಿ ಹುಡುಕಿದರು, ಸಿಕ್ಕಿದ್ದು ಇಂಗಿನ ದೊಡ್ಡ ಡಬ್ಬಿ. ತೊಳೆದರು, ಬಿಸಿಲಿಗಿಟ್ಟರು, ನಿಂಬೆ ತಿಕ್ಕಿದರು, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ, ತೇವ ಹೀರುವ ಸಣ್ಣ ಸಣ್ಣ ಪೊಟ್ಟಣಗಳನ್ನು ರಸ್ತೆಯವರಿಂದೆಲ್ಲ ಕೇಳಿ ತಂದು ಒಳಗೆ ಹಾಸಿದರು. ಬೂಷ್ಟು ಬರಲಿಲ್ಲ. ಇಂಗು ಹೋಗಲಿಲ್ಲ. ಕ್ಯಾಮೆರಾ ಮುಖಕ್ಕೆ ಹಿಡಿದಾಗಲೆಲ್ಲ ಅವರ ಮೂಗಿಗೆ ಒಗ್ಗರಣೆ.

ಈಗ ಅಕ್ಕನ ವಿಷಯ. ಅವಳ ಎಡಗಿವಿಯ ಕೆಳಗೆ, ದವಡೆಯ ಮೂಲೆಯವರೆಗೆ, ಒಂದು ಹುಟ್ಟುಮಚ್ಚೆ ಇದೆ. ನೇರಳೆ ಹಣ್ಣು ತಿಂದ ಕೈಯನ್ನು ಅಲ್ಲಿ ಒರೆಸಿದ ಹಾಗೆ. ನಮ್ಮ ಮನೆಯಲ್ಲಿ ಅದರ ಬಗ್ಗೆ ಮಾತಿಲ್ಲ. ಮುಚ್ಚಿಡಲು ಮಾತು ತಪ್ಪಿಸಿದ್ದಲ್ಲ. ನಮಗೆ ಅದು ಕಾಣುವುದೇ ಇಲ್ಲ. ನಮ್ಮ ಬಾಗಿಲ ಬಣ್ಣ ಯಾವುದು ಎಂದು ಫಕ್ಕನೆ ಕೇಳಿದರೆ ನಾನು ತಡವರಿಸುತ್ತೇನೆ, ಹಾಗೆ.

ಗಂಡು ನೋಡಲು ಶುರುಮಾಡಿದಾಗ ಅಪ್ಪ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ರೇಷ್ಮೆ ಸೀರೆ, ಹಿಂದೆ ಆಕಾಶದ ಬಣ್ಣದ ಪರದೆ. ಫೋಟೋ ಬಂತು. ಅಪ್ಪ ಚೆನ್ನಾಗಿದೆ ಎಂದರು, ಅಮ್ಮ ದೃಷ್ಟಿ ತೆಗೆದಳು, ನಾನು ಸೀರೆ ಸಖತ್ತಾಗಿದೆ ಎಂದೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ನೋಡಿ ಕಪಾಟಿನ ಮೇಲಿಟ್ಟಳು. ಫೋಟೋ ಹಲವು ಕಡೆ ಹೋಯಿತು. ಶ್ರೀನಗರದಿಂದ ಒಂದು ಕುಟುಂಬ ನೋಡಲು ಬಂತು.

ಅಕ್ಕ ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ಹಾಲಿಗೆ ಬಂದಳು. ಹುಡುಗನ ತಾಯಿ ನಗುತ್ತಾ ತಲೆಯೆತ್ತಿದವರು ನಗುವನ್ನು ಅಲ್ಲೇ ನಿಲ್ಲಿಸಿದರು. ಅವರ ಕಣ್ಣು ಅಕ್ಕನ ಮುಖದಿಂದ ಕಿವಿಯ ಕೆಳಕ್ಕೆ ಜಾರಿ, ಅಲ್ಲೇ ಕೂತುಬಿಟ್ಟಿತು.

"ತಪ್ಪು ತಿಳ್ಕೋಬೇಡಿ. ಫೋಟೋದಲ್ಲಿ ಇದು ಇರ್ಲಿಲ್ವಲ್ಲ?"

"ಯಾವುದು?" ಎಂದಳು ಅಮ್ಮ. ನಟನೆಯಲ್ಲ, ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ.

ಅವರು ಹೋದ ಮೇಲೆ ಫೋಟೋ ತೆಗೆದು ನೋಡಿದೆವು. ಮಚ್ಚೆ ಇರಲಿಲ್ಲ. ಅಲ್ಲಿ ಬರೀ ನುಣುಪು ಚರ್ಮ, ಮಾವಿನ ಹಣ್ಣಿನ ಜಾಹೀರಾತಿನ ಹಾಗೆ. ಅಪ್ಪ ಸ್ಟುಡಿಯೋಗೆ ಜಗಳಕ್ಕೆ ಹೋದರು. ಅವನು ಗಾಬರಿಯಾಗಿ, "ಸಾರ್, ಕ್ಲೀನ್ ಮಾಡಿದ್ದಕ್ಕೆ ಎಕ್ಸ್‌ಟ್ರಾ ಚಾರ್ಜೇ ಮಾಡಿಲ್ವಲ್ಲ ಸಾರ್! ನೀವೇ ನೋಡಿ ಸೂಪರ್ ಅಂದ್ರಲ್ಲ?" ಎಂದನಂತೆ. ಅಪ್ಪ ವಾಪಸ್ ಬಂದು ಚಪ್ಪಲಿ ಬಿಡದೆ ಸೋಫಾದ ಮೇಲೆ ಕೂತರು. ಅಪ್ಪ ಚಪ್ಪಲಿಯಲ್ಲಿ ಹಾಲಿಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಕ್ಕ ಅಳಲಿಲ್ಲ. ಅವಳು ಮದುವೆ ಬೇಡ ಎಂದೂ ಹೇಳಲಿಲ್ಲ. ಅವಳಿಗೆ ಮದುವೆ ಬೇಕಿತ್ತು, ಅದನ್ನು ಮುಚ್ಚಿಡುವ ಬಿಂಕವೂ ಇರಲಿಲ್ಲ. ಇನ್ನೊಮ್ಮೆ ತಟ್ಟೆ ಹಿಡಿದು ನಿಂತಾಗ ಇನ್ನೊಬ್ಬರ ಕಣ್ಣು ಹಾಗೆ ಜಾರುವುದನ್ನು ನೋಡುವುದು ಮಾತ್ರ ಅವಳಿಗೆ ಬೇಡವಾಗಿತ್ತು. ಮಾರನೆಯ ದಿನ ಅವಳೇ ಮೇಲೆ ಹೋದಳು. ನಾನು ಹಿಂದೆಯೇ ಹೋದೆ.

"ಆಂಟಿ, ನಂದೊಂದು ಫೋಟೋ ತೆಗೀತೀರಾ?"

ಶ್ರೀನಗರದವರ ಕತೆ ಮೆಟ್ಟಿಲು ಹತ್ತಿ ಆಂಟಿಗಾಗಲೇ ಮುಟ್ಟಿತ್ತು. "ನಾಳೆ ಬೆಳಿಗ್ಗೆ ತಾರಸಿಗೆ ಬಾ ಪುಟ್ಟ. ತಲೆ ಸ್ನಾನ ಮಾಡಬೇಡ, ಕೂದಲು ಹಾರತ್ತೆ" ಎಂದರು.

ತಾರಸಿಯಲ್ಲಿ ಮೆಟ್ಟಿಲಿನ ಕೋಣೆಯ ಸುಣ್ಣದ ಗೋಡೆ, ಅದರ ಪಕ್ಕಕ್ಕೆ ಬಟ್ಟೆ ಒಣಗಿಸುವ ತಂತಿ. ಅಕ್ಕನನ್ನು ಗೋಡೆಯ ಮುಂದೆ ನಿಲ್ಲಿಸಿದರು. ಮೊದಲು ತೀರಾ ಹತ್ತಿರ ಹೋಗಿ ಒಂದು ತೆಗೆದರು. ಹಿಂಬದಿಯ ಪರದೆಯಲ್ಲಿ ನೋಡಿದರೆ ಅಕ್ಕನ ಮೂಗು ಗುಂಡು ಬದನೆಕಾಯಿ, ಕಿವಿಗಳೆರಡೂ ಹಿಂದೆ ಎಲ್ಲೋ ಪರಾರಿ. ಅಕ್ಕ ನಕ್ಕುಬಿಟ್ಟಳು. ಆ ವಾರದಲ್ಲಿ ಅವಳು ಮೊದಲು ನಕ್ಕದ್ದು ತನ್ನ ಮೂಗಿಗೆ.

"ನೋಡಿ, ಸುಳ್ಳು ಹೇಳತ್ತೆ ನಿಮ್ಮ ಕ್ಯಾಮೆರಾ" ಎಂದೆ.

"ಯಾರದ್ದಾದ್ರೂ ಮೂಗಿನ ಮುಂದೆ ಹೀಗೇ ಹೋಗಿ ನಿಂತ್ಕೊಂಡು ನೋಡು ಲಾಯರಮ್ಮ, ನಿನ್ನ ಕಣ್ಣಿಗೂ ಹೀಗೇ ಕಾಣತ್ತೆ. ಸುಳ್ಳು ಕ್ಯಾಮೆರಾದ್ದಲ್ಲ, ನಿಂತ ಜಾಗದ್ದು." ಎಂದವರೇ ಹಿಂದೆ ಹಿಂದೆ ಸರಿದು ನೀರಿನ ಟ್ಯಾಂಕಿಗೆ ಬೆನ್ನು ತಾಗುವವರೆಗೂ ಹೋದರು. ಅಲ್ಲಿಂದ ತೆಗೆದರೆ ಅಕ್ಕ ಚಿಕ್ಕದಾಗಿ ಬಂದಳು, ಆದರೆ ಮೂಗು ಮೂಗಿನ ಜಾಗದಲ್ಲಿತ್ತು. ಸುತ್ತಲಿನದನ್ನು ಕತ್ತರಿಸಿಕೊಂಡರಾಯಿತು. ಕೆರೆಯ ಹೆಜ್ಜಾರ್ಲೆಗೆ ಸಾಲದ ಆ ಕತ್ತರಿಸುವ ಶಕ್ತಿ ತಾರಸಿಯ ಅಗಲಕ್ಕೆ ಧಾರಾಳವಾಗಿ ಸಾಕಾಯಿತು.

ಆಮೇಲೆ ಬೆಳಕು ಒಳಹೋಗುವ ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದು, ಸ್ವಲ್ಪ ಮುಂದೆ ಬಂದು, ಅಕ್ಕನನ್ನು ತುಸು ಓರೆಯಾಗಿ ನಿಲ್ಲಿಸಿ ಒಂದು ತೆಗೆದರು. ಅದೇ ಭಂಗಿಯಲ್ಲಿ ಬಾಯಿಯನ್ನು ಕಿರಿದು ಮಾಡಿ ಇನ್ನೊಂದು. ಮೂವರೂ ಮೆಟ್ಟಿಲಿನ ನೆರಳಿಗೆ ಹೋಗಿ ಕೂತು ನೋಡಿದೆವು. ಡಬ್ಬಿ ಆಂಟಿಯ ತೊಡೆಯ ಮೇಲೆ, ಇಂಗು ಘಮ್ಮೆನ್ನುತ್ತಿತ್ತು.

ಆ ಎರಡರಲ್ಲಿ ಮೊದಲನೆಯದರಲ್ಲಿ, ಬಾಯಿ ತೆರೆದು ತೆಗೆದದ್ದರಲ್ಲಿ, ಅಕ್ಕನ ಕಣ್ಣುಗಳು ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಅಲ್ಲಿಂದ ಹಿಂದಕ್ಕೆ ಎಲ್ಲವೂ ಬೆಣ್ಣೆಯ ಹಾಗೆ ಕರಗುತ್ತಾ ಹೋಗಿತ್ತು. ಗೋಡೆ ಬರೀ ಬೆಳಕು, ತಂತಿ ಬರೀ ಬಣ್ಣ. ಕಿವಿಯ ಕೆಳಗಿನ ಮಚ್ಚೆ ಇತ್ತು, ಆದರೆ ಕೂದಲ ನೆರಳೋ ಏನೋ ಎನ್ನುವ ಹಾಗೆ ಮೆತ್ತಗಾಗಿತ್ತು. ಎರಡನೆಯದರಲ್ಲಿ ಎಲ್ಲವೂ ಒಂದೇ ಸಮ ಸ್ಪಷ್ಟ. ಕಣ್ಣು, ಕಿವಿ, ಮಚ್ಚೆಯ ಅಂಚು, ಸುಣ್ಣದ ಬಿರುಕು, ಎಲ್ಲ.

ದೊಡ್ಡ ಬಿಲ್ಲೆಯ ಕ್ಯಾಮೆರಾಗಳನ್ನು ಜನ ಹೊಗಳುವುದೇ ಮೊದಲನೆಯ ಥರದ ಫೋಟೋಕ್ಕೆ. ಆಂಟಿ ಆ ಪರದೆಯನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಬಹಳ ವರ್ಷ ಅರ್ಜಿಗಳನ್ನು ಅನುಮಾನದಿಂದ ನೋಡಿದ ಮುಖ ಒಮ್ಮೆ ಸಡಿಲವಾಗಿತ್ತು.

"ಇದಕ್ಕೇ ಕಣೇ ಸ್ಕೂಟರ್ ಮಾರಿದ್ದು" ಎಂದರು. ಆಮೇಲೆ ಅಕ್ಕನಿಗೆ, "ಇದನ್ನ ಹಾಕು ಪುಟ್ಟ. ಅಳಿಸಿಲ್ಲ, ತಿದ್ದಿಲ್ಲ. ಮಚ್ಚೆ ಇದೆ. ನೋಡೋ ಕಣ್ಣಿದ್ದೋರಿಗೆ ಕಾಣತ್ತೆ."

ನಾನು ಎದ್ದು ನಿಂತೆ. ಕೂತು ವಾದ ಮಾಡಲು ನನಗೆ ಬರುವುದಿಲ್ಲ. ಸ್ಟುಡಿಯೋದವನು ಮೌಸ್ ಹಿಡಿದು ಮಾಡಿದ್ದನ್ನು ನಿಮ್ಮ ಲೆನ್ಸು ಗಾಜಿನಿಂದ ಮಾಡಿದೆ, ಅವನದು ಒರಟು, ನಿಮ್ಮದು ನಾಜೂಕು, ಅಷ್ಟೇ ತಾನೇ ಎಂದೆ. ಮನೆಗೆ ಬಂದವರ ಕಣ್ಣು ಮತ್ತೆ ಜಾರಿದರೆ ಹೊಣೆ ಯಾರದು ಎಂದೆ.

"ನೀನು ನನ್ನ ಹತ್ರ ಇಷ್ಟು ಹೊತ್ತು ಕೂಗಾಡಿದ್ಯಲ್ಲ, ನನ್ನ ಕಿವಿ ನೋಡ್ತಿದ್ಯಾ, ಕಣ್ಣು ನೋಡ್ತಿದ್ಯಾ?" ಎಂದರು ಆಂಟಿ. "ಕಣ್ಣು ತಾನೇ? ಆಗ ನನ್ನ ಕಿವಿ ನಿನಗೆ ಸರಿಯಾಗಿ ಕಾಣ್ತಿತ್ತಾ? ಮನುಷ್ಯರನ್ನ ನಾವು ನೋಡೋದೇ ಹೀಗಲ್ವಾ?"

ಆ ವಾದದ ಅರ್ಧವನ್ನು ಈಗಲೂ ಒಪ್ಪುತ್ತೇನೆ. ಅಮ್ಮ, ಅಪ್ಪ, ನಾನು ಅಕ್ಕನನ್ನು ಅಷ್ಟು ವರ್ಷ ನೋಡಿದ್ದು ಆ ಮೊದಲನೆಯ ಫೋಟೋದ ಹಾಗೆಯೇ. ಒಪ್ಪದ ಅರ್ಧ ಇದು: ನಾವು ಹಾಗೆ ನೋಡಲು ಕಲಿತದ್ದು ವರ್ಷಗಟ್ಟಲೆ ಒಟ್ಟಿಗಿದ್ದು, ಬರುವ ಅಪರಿಚಿತರಿಗೆ ಅದನ್ನು ಒಂದು ಲೆನ್ಸಿನಿಂದ ಪುಕ್ಕಟೆಯಾಗಿ ಕೊಡಲಾಗುತ್ತದೆಯೇ? ಇದು ಆಗ ಹೊಳೆಯಲಿಲ್ಲ. ಒಳ್ಳೆಯ ಉತ್ತರಗಳು ಪಂದ್ಯ ಮುಗಿದು ಬಸ್ಸು ಹತ್ತಿದ ಮೇಲೇ ಹೊಳೆಯುವುದು.

ನಾವಿಬ್ಬರೂ ಹೀಗೆ ಅವಳ ಕಿವಿಯ ಬಗ್ಗೆ ಕಿತ್ತಾಡುತ್ತಿದ್ದಾಗ ಅಕ್ಕ ಪರದೆಯತ್ತ ಬಾಗಿದ್ದಳು. ಒಂದು ಫೋಟೋ ನೋಡಿದಳು, ಮುಂದೆ ಸರಿಸಿದಳು, ಇನ್ನೊಂದು ನೋಡಿದಳು, ಮತ್ತೆ ಹಿಂದಕ್ಕೆ. "ಎರಡೂ ನನ್ನ ಫೋನಿಗೆ ಕಳಿಸಿ ಆಂಟಿ" ಎಂದು ಎದ್ದು ಹೋದಳು.

ಸಂಜೆ ಅಪ್ಪ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತು, "ಮೇಡಂ ಯಾವುದು ಕೊಟ್ರು, ಕಳ್ಸು" ಎಂದರು. ಅಕ್ಕ ಒಂದನ್ನು ಮಾತ್ರ ಕಳಿಸಿದಳು. ಎರಡನೆಯದನ್ನು. ಆಂಟಿ ಹೇಳಿದ್ದು ಮೊದಲನೆಯದೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ಸಂಜೆಯಿಂದಲೇ ಅಮ್ಮನ ಕತೆ ಹುಟ್ಟಿದ್ದು.

ಆಂಟಿಗೆ ನಾನೇ ಹೇಳಿದೆ. ಬೇಜಾರಾಗುತ್ತಾರೆಂದುಕೊಂಡಿದ್ದೆ. ಅವರು ಡಬ್ಬಿಯ ಮುಚ್ಚಳ ಒತ್ತುತ್ತಾ, "ಲೆನ್ಸಿನ ಅರ್ಧ ಕೆಲಸಾನೇ ಬೇಡ ಅಂದ್ಬಿಟ್ಲಲ್ಲೇ ನಿನ್ನಕ್ಕ!" ಎಂದು ಜೋರಾಗಿ ನಕ್ಕರು. ಸೋತಾಗ ಅಷ್ಟು ಖುಷಿಯಾದ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.

ಫೋಟೋ ಹೋದ ಮೇಲೆ ಏನಾಯಿತು? ಏನೂ ಆಗಲಿಲ್ಲ. ಮೊದಲು ಬರುತ್ತಿದ್ದ ಫೋನುಗಳೂ ನಿಂತವು. ಸತ್ಯ ಹೇಳಿದ ಕೂಡಲೇ ಸಾಲುಗಟ್ಟಿ ಬರುತ್ತಾರೆನ್ನುವುದು ಭಾಷಣದ ಮಾತು. ಅಪ್ಪ ಇನ್ನೊಂದು ಸ್ಟುಡಿಯೋ ವಿಚಾರಿಸತೊಡಗಿದ್ದರು. ಆಗ ಬಿಳೇಕಹಳ್ಳಿಯಿಂದ ಒಂದು ಫೋನ್ ಬಂತು. ಈಗಿನ ಭಾವ ಬಂದರು, ಕೂತರು, ಅಕ್ಕನ ಮುಖ ನೋಡಿ ಮಾತಾಡಿದರು, ಕೇಸರಿಬಾತು ಎರಡನೇ ಸಲ ಹಾಕಿಸಿಕೊಂಡರು. ಅವರ ಕಣ್ಣು ಎಲ್ಲಿಯೂ ಜಾರಲಿಲ್ಲ. ನಾನು ಅದನ್ನೇ ಕಾಯುತ್ತಾ ಬಾಗಿಲ ಬಳಿ ನಿಂತಿದ್ದೆ.

ಮದುವೆಯಾಗಿ ಎಷ್ಟೋ ತಿಂಗಳ ಮೇಲೆ ಭಾವನನ್ನು ಕೇಳಿದೆ: ಆ ಫೋಟೋದಲ್ಲಿ ಏನು ಕಂಡು ಬಂದಿರಿ? ಪ್ರಾಮಾಣಿಕತೆ ಎನ್ನುತ್ತಾರೆ, ಆ ಮಾತು ಹಿಡಿದು ವಾದಕ್ಕೆ ಎಳೆಯಬಹುದು ಎಂದುಕೊಂಡಿದ್ದೆ.

"ಬನಿಯನ್" ಎಂದರು.

"ಏನು?"

"ನಿಮ್ಮಕ್ಕನ ಹಿಂದೆ ತಂತಿ ಮೇಲೆ ನಿಮ್ಮಪ್ಪನ ಬನಿಯನ್ ಇತ್ತಲ್ಲ, ತೂತು ಬಿದ್ದಿರೋದು. ಅಲ್ಲಿವರೆಗೂ ನಾನು ನೋಡಿದ್ದೆಲ್ಲಾ ಪರ್ದೆ, ಹೂಕುಂಡ, ಸೋಫಾ. ಇವರ್ಯಾರೋ ನಮ್ಮನೆ ಥರದೋರೇ ಅನ್ನಿಸ್ತು. ಮಚ್ಚೆ? ಹ್ಞೂಂ, ನೋಡಿದ್ನಲ್ಲ. ಬನಿಯನ್ ನೋಡಿದ್ಮೇಲೆ."

ಮತ್ತೆ ಫೋಟೋ ತೆಗೆದು ನೋಡಿದೆ. ಹೌದು. ಬಲಗಡೆಯ ಮೂಲೆಯಲ್ಲಿ, ಎರಡು ಕ್ಲಿಪ್ಪಿನ ನಡುವೆ, ತೂತಿನ ಅಂಚಿನ ನೂಲು ಸಹಿತ ಅಪ್ಪನ ಬನಿಯನ್. ಮಚ್ಚೆ ಇಲ್ಲದ್ದು ನಮಗೆ ಹೇಗೆ ಕಂಡಿರಲಿಲ್ಲವೋ ಹಾಗೆಯೇ ಬನಿಯನ್ ಇದ್ದದ್ದೂ ಕಂಡಿರಲಿಲ್ಲ. ಅಂತೂ ಫೋಟೋದಿಂದ ಮದುವೆಯಾಯಿತು ಎಂಬ ಅಮ್ಮನ ವಾದವನ್ನು ಪೂರ್ತಿ ತಳ್ಳಿಹಾಕಲು ಆಗಲಿಲ್ಲ. ಮೊದಲನೆಯ ಫೋಟೋದಲ್ಲಿ ಆ ಬನಿಯನ್ ಬರೀ ಒಂದು ಬಿಳಿ ಮೋಡ. ಇದನ್ನು ಹೇಳಿದಾಗ ಆಂಟಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಹಿನ್ನೆಲೆ ಮಸುಕಾಗ್ಲಿ ಅಂತ ಅಷ್ಟು ದುಡ್ಡು ಸುರಿದ್ನಲ್ಲೇ, ಕೆಲಸಕ್ಕೆ ಬಂದಿದ್ದು ಹಿನ್ನೆಲೆನೇ!" ಎಂದರು. ಅಪ್ಪನಿಗೆ ಮಾತ್ರ ನಾವು ಇದುವರೆಗೂ ಹೇಳಿಲ್ಲ. ಅವರ ಕತೆಯಲ್ಲಿ ಕ್ಯಾಮೆರಾ ಗೆದ್ದಿದೆ, ಗೆದ್ದಿರಲಿ.

ಹೋದ ಮಳೆಗಾಲದಲ್ಲಿ ಆಂಟಿ ತೀರಿಕೊಂಡರು. ಜ್ವರ ಎಂದು ಆಸ್ಪತ್ರೆಗೆ ಹೋದವರು ವಾಪಸ್ ಮೆಟ್ಟಿಲು ಹತ್ತಲಿಲ್ಲ. ಹೋಗುವ ದಿನವೂ ಆಟೋ ಹತ್ತುವ ಮುಂಚೆ, ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿದೆಯಾ ನೋಡು ಎಂದಿದ್ದರು ನನಗೆ. ನೋಡಿದ್ದೆ, ಹಾಕಿತ್ತು... ಅವರ ಅಣ್ಣನ ಮಗ ಬಂದು ಮನೆ ಖಾಲಿ ಮಾಡಿಸಿದ. ಕ್ಯಾಮೆರಾವನ್ನು ಮಾರಿದನಂತೆ, ಈಗ ಯಾರಿಗೆ ಬೇಕು, ಫೋನ್ ಇದೆಯಲ್ಲ ಎಂದ. ಅದರ ವಿರುದ್ಧ ಎಷ್ಟು ವಾದಗಳು ನನ್ನ ಬಾಯಿಯ ತುದಿಯಲ್ಲಿದ್ದವು! ಆದರೆ ಅವನೊಡನೆ ಆಡಿ ಪ್ರಯೋಜನವಿರಲಿಲ್ಲ. ಅವನು ಅವಲಕ್ಕಿ ಕೊಟ್ಟು ಕೇಳಿಸಿಕೊಳ್ಳುವವನಲ್ಲ. ಅಕ್ಕ ಡಬ್ಬಿಯೊಂದನ್ನು ಮಾತ್ರ ಕೇಳಿ ತೆಗೆದುಕೊಂಡಳು. ಪೊಟ್ಟಣಗಳನ್ನೆಲ್ಲ ತೆಗೆದು, ಅದರಲ್ಲಿ ಮತ್ತೆ ಇಂಗು ತುಂಬಿದಳು. ಮೇಲ್ಮನೆಗೆ ಈಗ ಯಾರೋ ಹೊಸಬರು ಬಂದಿದ್ದಾರೆ, ಒಳ್ಳೆಯವರೇ. ಕರೆಂಟು ಹೋದ ಸಂಜೆಗಳಲ್ಲಿ ಮಾತ್ರ ನನಗೆ ಮೇಲಿನ ಸದ್ದು ಕೇಳಬೇಕೆನಿಸಿ ಕಿವಿ ಆ ಕಡೆ ಹೋಗುತ್ತದೆ.

ಅಮ್ಮನ ಕತೆಯಲ್ಲಿ ನಿಜವಾಗಿ ಬಿಟ್ಟುಹೋಗಿರುವುದು ಅಕ್ಕ. ಕ್ಯಾಮೆರಾ ಮಾಡಿತು, ಆಂಟಿ ಮಾಡಿದರು, ದೇವರು ಮಾಡಿದ. ಆರಿಸಿದವಳ ಹೆಸರೇ ಇಲ್ಲ. ನನ್ನ ತಕರಾರು ಅದು. ಅದರ ಹಿಂದೆ ಇನ್ನೊಂದು ಅನುಮಾನವೂ ಇದೆ, ಅದನ್ನು ಆಂಟಿಯ ಎದುರು ಎಂದೂ ಎತ್ತಲಿಲ್ಲ. ಎತ್ತಿದ್ದರೆ ಅವರು ಏನೆನ್ನುತ್ತಿದ್ದರೋ. ಸ್ಟುಡಿಯೋ ಫೋಟೋದಲ್ಲಿ ಮಚ್ಚೆ ಅಳಿಸಿಹೋದದ್ದು ಅಪ್ಪನಿಗೆ ಕಾಣಲಿಲ್ಲ, ಅಮ್ಮನಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ಒಪ್ಪೋಣ. ಆದರೆ ಅಕ್ಕ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ತಲೆಯನ್ನು ಬಲಕ್ಕೆ ವಾಲಿಸಿ, ಎಡಗಡೆಯ ಕೂದಲನ್ನೆಲ್ಲ ಮುಂದಕ್ಕೆ ತಂದು ಜಡೆ ಹಾಕಿಕೊಳ್ಳುವವಳು.

ಭಾನುವಾರ ಅಡುಗೆಮನೆಯಲ್ಲಿ ಅದನ್ನೇ ಕೇಳಿದೆ. ಎಣ್ಣೆ ಕಾಯುತ್ತಿತ್ತು. ಅಕ್ಕ ಸಾಸಿವೆ ಸಿಡಿಯುವವರೆಗೆ ಕಾದಳು, ಇಂಗು ಹಾಕಿದಳು, ನೀಲಿ ಮುಚ್ಚಳವನ್ನು ಆಂಟಿ ಒತ್ತುತ್ತಿದ್ದ ಹಾಗೆಯೇ ಸುತ್ತಲೂ ಒತ್ತಿದಳು, ನನ್ನ ಕಡೆ ನೋಡಿ ಒಂದಿಷ್ಟು ನಕ್ಕಳು. ಹೊರಗೆ ಭಾವ ಕೂಗಿದರು, ತಟ್ಟೆ ಹಾಕಬೇಕಾ ಎಂದು. ಅಷ್ಟೇ. ಇದನ್ನು ಅವಳು ಓದುತ್ತಾಳೆ ಎಂದು ಗೊತ್ತಿರುವುದರಿಂದ ಇಲ್ಲಿ ಇನ್ನೊಂದು ಸಲ ಕೇಳುತ್ತೇನೆ.

ಅಕ್ಕ, ಆ ಸ್ಟುಡಿಯೋ ಫೋಟೋ ಕೈಗೆ ಬಂದ ದಿನಾನೇ ನಿನಗೆ ಗೊತ್ತಾಗಿತ್ತು, ಅಲ್ವಾ?